ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ಮಕ್ಕಳೇ, ನಿಮ್ಮ ಶಾಲೆಯಲ್ಲೋ ಪರಿಚಯದವರ ಮನೆಯಲ್ಲೋ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ ಕಂಪ್ಯೂಟರನ್ನು ನೀವು ನೋಡಿರಬಹುದು. "ಅದು ಬಹಳ ನಿಧಾನ, ಹೊಸದೇ ಬೇಕು" ಎನ್ನುವ ಮಾತನ್ನೂ ಕೇಳಿರಬಹುದು. ಆದರೆ ಹೊಸದನ್ನು ಕೊಳ್ಳುವ ಮೊದಲು ಹಳೆಯದು ಏಕೆ ನಿಧಾನವಾಯಿತು ಎಂದು ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಯಲಬುರ್ಗಾ ಕಡೆಯ ರೈತರನ್ನೇ ನೋಡಿ. ಕುಂಟೆಯ ಕುಡ ಸವೆದರೆ ಇಡೀ ಕುಂಟೆಯನ್ನು ಯಾರೂ ಎಸೆಯುವುದಿಲ್ಲ, ಕುಡವನ್ನಷ್ಟೇ ಬದಲಿಸುತ್ತಾರೆ. ಮೇಜಿನ ಮೇಲಿನ ಕಂಪ್ಯೂಟರ್ ಕೂಡ ಹೀಗೆಯೇ ಬಿಡಿಭಾಗಗಳನ್ನು ಜೋಡಿಸಿ ಮಾಡಿದ ಯಂತ್ರ.

ನಮ್ಮ ಬಯಲುಸೀಮೆಯಲ್ಲಿ ಅದರ ಮೊದಲ ಶತ್ರು ಧೂಳು. ಒಳಗಿನ ಫ್ಯಾನು ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಧೂಳು ತುಂಬಿದರೆ ಶಾಖ ಹೊರಹೋಗದು. ಬಿಸಿ ಹೆಚ್ಚಾದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇದಕ್ಕೆ ಬೇಕಾದುದು ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಮೃದುವಾದ ಒಣ ಬ್ರಷ್ ಮಾತ್ರ.

ಎರಡನೆಯದು ರ್‍ಯಾಮ್. ಹಾರ್ಡ್ ಡಿಸ್ಕ್ ಪುಸ್ತಕದ ಕಪಾಟಾದರೆ, ರ್‍ಯಾಮ್ ನಿಮ್ಮ ಮುಂದಿನ ಡೆಸ್ಕ್. ಡೆಸ್ಕ್ ಚಿಕ್ಕದಾದರೆ ಮತ್ತೆಮತ್ತೆ ಕಪಾಟಿಗೆ ಓಡಬೇಕಲ್ಲವೇ? ಇನ್ನೊಂದು ರ್‍ಯಾಮ್ ಪಟ್ಟಿ ಸೇರಿಸಿದರೆ ಈ ಓಡಾಟ ಕಡಿಮೆಯಾಗುತ್ತದೆ. ಆದರೆ ಡಿಡಿಆರ್ 3 ಪಟ್ಟಿ ಡಿಡಿಆರ್ 4ರ ಜಾಗದಲ್ಲಿ ಕೂರುವುದಿಲ್ಲ. ವಿಧ ತಿಳಿಯದೆ ಕೊಂಡರೆ ಹಣ ದಂಡ.

ಮೂರನೆಯದು ಹಾರ್ಡ್ ಡಿಸ್ಕ್. ಇದರೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಇರುವೆಡೆಗೆ ಓದುವ ತುದಿ ಚಲಿಸಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಆದ್ದರಿಂದ ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದರೆ ಅದು ಎಷ್ಟೋ ಚುರುಕಾಗುತ್ತದೆ.

ಕೆಲವೊಮ್ಮೆ ತಪ್ಪು ಕಂಪ್ಯೂಟರಿನದೇ ಅಲ್ಲ, ಇಂಟರ್ನೆಟ್ ಸಂಪರ್ಕದ್ದು. ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ ದಾಟುವಾಗ ವೈಫೈ ಸಂಕೇತ ಕುಗ್ಗುತ್ತದೆ. ದುಬಾರಿ ರೂಟರ್ ಕೊಳ್ಳುವ ಮೊದಲು ಈಗಿರುವುದನ್ನು ಎತ್ತರದ, ತೆರೆದ ಜಾಗಕ್ಕೆ ಸರಿಸಿ ನೋಡಿ. ಇಲ್ಲವೇ ಕೇಬಲ್ ಎಳೆಯಿರಿ. ಅದರಲ್ಲಿ ಎಂಟು ತಂತಿಗಳು ಎರಡೆರಡಾಗಿ ಹೆಣೆದಿರುತ್ತವೆ. ಈ ಹೆಣಿಗೆ ಹೊರಗಿನ ವಿದ್ಯುತ್ ಅಡಚಣೆಯನ್ನು ತಗ್ಗಿಸುತ್ತದೆ. ಒಂದು ಕೇಬಲ್ 100 ಮೀಟರ್‌ವರೆಗೆ ಇರಬಹುದು.

ಹಾಗಾದರೆ ಹೊಸದನ್ನು ಕೊಳ್ಳಲೇಬಾರದೇ? ಹಾಗೇನಿಲ್ಲ. ಬಿಡಿಭಾಗ ಸಿಗದಷ್ಟು ಹಳೆಯದಾದರೆ, ರಿಪೇರಿಯ ಖರ್ಚು ಹೊಸದರ ಬೆಲೆಯ ಹತ್ತಿರ ಬಂದರೆ ಹೊಸದೇ ಸರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಕಂಪ್ಯೂಟರುಗಳಲ್ಲಿಯೂ ಹಲವನ್ನು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಬಳಸಬಹುದು.

ಎಸೆದ ಕಂಪ್ಯೂಟರ್ ಬರೀ ಕಸವಲ್ಲ. ಹಳೆಯ ಯಂತ್ರಗಳಲ್ಲಿ ಸೀಸದಂಥ ವಿಷವಸ್ತುಗಳಿರುತ್ತವೆ. ಅವನ್ನು ಸುಟ್ಟರೆ, ಒಡೆದರೆ ಆ ವಿಷ ಗಾಳಿ, ಮಣ್ಣು, ನೀರಿಗೆ ಸೇರುತ್ತದೆ. ಕೆಲಸಕ್ಕೆ ಬಾರದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಬೇಕು.

ಒಂದು ಎಚ್ಚರಿಕೆ: ಪ್ಲಗ್ ತೆಗೆಯದೆ, ಹಿರಿಯರು ಜೊತೆಗಿಲ್ಲದೆ ಕಂಪ್ಯೂಟರ್ ಬಿಚ್ಚಬೇಡಿ. ಒಳಗಿನ ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ತೆರೆಯಲೇಬೇಡಿ.

ಈಗ ನಿಮ್ಮ ಕೆಲಸ. ನಿಮ್ಮ ಶಾಲೆಯಲ್ಲಿ ಅಂಥ ಕಂಪ್ಯೂಟರ್ ಇದ್ದರೆ ಗುರುಗಳ ಜೊತೆ ಕುಳಿತು ಅದರ ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಡಿಸ್ಕ್ ಯಾವ ಬಗೆಯದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಶಾಲಾಭಿವೃದ್ಧಿ ಸಮಿತಿಯ ಮುಂದಿಡಿ. ಕೊಳ್ಳಬೇಕೋ, ರಿಪೇರಿ ಮಾಡಿಸಬೇಕೋ ಎಂಬುದನ್ನು ಅದನ್ನು ನೋಡಿದ ಮೇಲೆ ತೀರ್ಮಾನಿಸಲಿ.