ಅಟ್ಟದ ಮೇಲಿನ ತೂಕದ ಬಟ್ಟು

1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಮದ್ದೂರು ಸೀಮೆಯಲ್ಲಿ ಬೆಲ್ಲ ತೂಗುತ್ತಿದ್ದುದು ಕಿಲೋ ಲೆಕ್ಕದಲ್ಲಲ್ಲ. ಮಣ, ಸೇರಿನ ಲೆಕ್ಕದಲ್ಲಿ. ಅಂಥ ಹಳೆಯ ಬಟ್ಟು ಅಟ್ಟದಲ್ಲಿ ಸಿಕ್ಕರೆ ಗುಜರಿಗೆ ಹಾಕುವ ಮೊದಲು ಮಕ್ಕಳ ಕೈಗೆ ಕೊಡಿ.

ಮೊದಲು ಅದನ್ನೇ ತೂಗಿಸಿ. ಒಂದು ತೊಲ ಎಂದರೆ ಸುಮಾರು 11.66 ಗ್ರಾಂ, ಹಳೆಯ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಹಳೆ ಮೈಸೂರಿನ ಕಚ್ಚಾ ಸೇರಿಗೆ 24 ತೊಲ. ಬಟ್ಟು 280 ಗ್ರಾಂ ಆಸುಪಾಸು ಇದ್ದರೆ ಅದು ಕಚ್ಚಾ ಸೇರು. 140 ಇದ್ದರೆ ಅಚ್ಚೇರು. 933 ಇದ್ದರೆ 80 ತೊಲದ ಪಕ್ಕಾ ಸೇರು. ತುಕ್ಕು, ಸವೆತದಿಂದ ತುಸು ವ್ಯತ್ಯಾಸ ಸಹಜ. ಮೇಲೆ ಕಿಲೋ, ಗ್ರಾಂ ಎಂದಿದ್ದರೆ ಅದು ಈಚಿನದು. ದೇಶದಲ್ಲಿ ಮೆಟ್ರಿಕ್ ತೂಕ ಜಾರಿಗೆ ಬರತೊಡಗಿದ್ದು 1958ರ ಅಕ್ಟೋಬರ್‌ನಲ್ಲಿ.

ಬಳಿಕ ಮುದ್ರೆ ಹುಡುಕಿ. ಕಬ್ಬಿಣದ ಬಟ್ಟಿನಲ್ಲಿ ಒಂದು ಕುಳಿ, ಅದರಲ್ಲಿ ಸೀಸ ಇರುತ್ತದೆ. ಸೀಸ ಮೆದು, ತೂಕ ಸರಿಹೊಂದಿಸಲೂ ಮುದ್ರೆ ಒತ್ತಲೂ ಅನುಕೂಲ. ಮೆಟ್ರಿಕ್ ಬಟ್ಟಿನಲ್ಲಿ ಕಾಣುವ ಎರಡಂಕಿ ಪರೀಕ್ಷೆಯಾದ ವರ್ಷವನ್ನೂ, ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಆ ವರ್ಷದ ಯಾವ ಮೂರು ತಿಂಗಳು ಎಂಬುದನ್ನೂ ಹೇಳುತ್ತವೆ.

ಬಟ್ಟು ಹಗುರವಾದರೆ ಅಂಗಡಿಯಲ್ಲಿ ಕೊಳ್ಳುವವರಿಗೆ ನಷ್ಟ. ಭಾರವಾದರೆ ಮಂಡಿಗೆ ಬೆಲ್ಲ ತಂದ ರೈತನಿಗೆ ನಷ್ಟ. ಇಬ್ಬರಿಗೂ ಕಾವಲು ಆ ಪುಟ್ಟ ಮುದ್ರೆಯೇ.

ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಗುರುತು ಅಳಿಸೀತು. ತೆಳು ಕಾಗದವಿಟ್ಟು ಮೇಲೆ ಪೆನ್ಸಿಲ್ ಆಡಿಸಿದರೆ ಅಕ್ಷರ ಮೂಡುತ್ತದೆ. ಸೀಸ ವಿಷ, ಮುಟ್ಟಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯಲಿ.