ರಾಶಿಯ ಲೆಕ್ಕ ಆ್ಯಪ್‌ಗೆ ಗೊತ್ತಿರಲಿಲ್ಲ

ನಮ್ಮ ಹಳ್ಳಿಖೇಡ (ಬಿ)ಯಲ್ಲಾಗಲಿ, ಹುಮನಾಬಾದ್, ಬಸವಕಲ್ಯಾಣಗಳಲ್ಲಾಗಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳ ಬೋರ್ಡಿನ ಮೇಲೆ ಕಾಣುವುದು ಹೆಚ್ಚುಕಡಿಮೆ ಅದೇ ನಾಲ್ಕು ಹೆಸರು: ಎಂಎಸ್ ಆಫೀಸ್, ಟ್ಯಾಲಿ, ನುಡಿ, ಟೈಪಿಂಗ್. ಪದವಿ ಮುಗಿಸಿದ ನನ್ನಂಥವರು ಅಲ್ಲಿ ಫೀಸು ಕಟ್ಟುವುದು ಒಂದೇ ಆಸೆಯಿಂದ. ಎಲ್ಲಾದರೂ ಡಾಟಾ ಎಂಟ್ರಿ ಆಪರೇಟರ್ ಕೆಲಸ ಸಿಕ್ಕೀತು, ಹೊರಗುತ್ತಿಗೆಯಾದರೂ ಸರಿ. ಊರಿನ ಸಹಕಾರ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಿ ವರ್ಷಗಳೇ ಆಗಿವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಊರು ಬಿಡುವುದು ಸುಲಭವಾಯಿತು, ಊರಲ್ಲೇ ದುಡಿದು ಉಣ್ಣುವುದು ಮಾತ್ರ ಸುಲಭವಾಗಲಿಲ್ಲ. ಹಾಗಾಗಿ ಕುರ್ಚಿ, ಕೀಬೋರ್ಡ್ ಇರುವ ಕೆಲಸವೆಂದರೆ ನಮಗೆ ದೊಡ್ಡದು. ಈಗ ಆ ಕುರ್ಚಿಯೇ ಅಲುಗಾಡುತ್ತಿದೆ.

ಅಲುಗಾಡಿಸುತ್ತಿರುವುದರ ಹೆಸರು ಲೋ-ಕೋಡ್. ಸಾಲುಸಾಲಾಗಿ ಪ್ರೋಗ್ರಾಂ ಬರೆಯದೆ, ಪರದೆಯ ಮೇಲಿನ ತುಣುಕುಗಳನ್ನು ಎಳೆದು ಜೋಡಿಸಿ, 'ಹೀಗಾದರೆ ಹೀಗೆ ಮಾಡು' ಎಂದು ನಿಯಮ ಕೊಟ್ಟು ಆ್ಯಪ್ ಕಟ್ಟುವ ವಿಧಾನ. ಹೆಸರು ಚಾಲ್ತಿಗೆ ಬಂದದ್ದು 2014ರಲ್ಲಿ, ಫಾರೆಸ್ಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯಿಂದ. ವಸ್ತು ಅದಕ್ಕಿಂತ ಹಳೆಯದು; ಚೆನ್ನೈ ಮೂಲದ ಜೊಹೊ ಕಂಪನಿಯ 'ಕ್ರಿಯೇಟರ್' 2006ರಲ್ಲೇ ಬಂದಿತ್ತು. ಮೈಕ್ರೊಸಾಫ್ಟ್‌ನ ಪವರ್ ಆ್ಯಪ್ಸ್, 2020ರಲ್ಲಿ ಗೂಗಲ್ ಕೊಂಡುಕೊಂಡ ಆ್ಯಪ್‌ಶೀಟ್ ಇದೇ ಜಾತಿಯವು. ಕಂಪನಿಗಳು ಕಟ್ಟುವ ಹೊಸ ಆ್ಯಪ್‌ಗಳಲ್ಲಿ 2020ರಲ್ಲಿ ಶೇ 25ಕ್ಕಿಂತ ಕಡಿಮೆ ಇದ್ದ ಇವುಗಳ ಪಾಲು 2025ರ ಹೊತ್ತಿಗೆ ಶೇ 70 ಆಗಲಿದೆ ಎಂದು ಗಾರ್ಟ್ನರ್ ಸಂಸ್ಥೆ ಭವಿಷ್ಯ ನುಡಿದಿತ್ತು. ಸಲಹೆ ಮಾರುವವರು ಹೇಳುವ ಭವಿಷ್ಯದ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗಾಳಿ ಎತ್ತ ಬೀಸುತ್ತಿದೆ ಎಂಬುದಂತೂ ನಿಜ.

ಇದೆಲ್ಲ ಬೆಂಗಳೂರಿನ ಮಾತು ಅನ್ನಿಸಬಹುದು. ಆದರೆ ನಾವೇ ಇದನ್ನು ಬಳಸಿದ್ದೇವೆ. ರಾಜ್ಯದ ಸೇವಾ ಸಿಂಧು ಪೋರ್ಟಲ್‌ನ ಇಲಾಖಾ ಸೇವೆಗಳು ನಡೆಯುವುದು ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ 'ಸರ್ವಿಸ್ ಪ್ಲಸ್' ಎಂಬ ಚೌಕಟ್ಟಿನ ಮೇಲೆ. ಅರ್ಜಿಯಲ್ಲಿ ಯಾವ ಕಲಂ ಇರಬೇಕು, ಅದು ಮೊದಲು ಯಾವ ಅಧಿಕಾರಿಯ ಮುಂದೆ ಹೋಗಬೇಕು, ಆತ ಒಪ್ಪಿದರೆ ಎಲ್ಲಿಗೆ, ತಿರಸ್ಕರಿಸಿದರೆ ಎಲ್ಲಿಗೆ ಎಂಬುದನ್ನೆಲ್ಲ ಅಲ್ಲಿ ಹೊಂದಿಸಿಕೊಂಡರೆ ಸಾಕು, ಒಂದೊಂದು ಸೇವೆಗೂ ಬೇರೆ ಸಾಫ್ಟ್‌ವೇರ್ ಬರೆಯಬೇಕಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೊರರಾಜ್ಯಗಳಲ್ಲಿ ಸಿಕ್ಕಿಕೊಂಡವರು ಊರಿಗೆ ಮರಳಲು ಅರ್ಜಿ ಹಾಕಿದ್ದು ಸೇವಾ ಸಿಂಧುವಿನಲ್ಲೇ. ಅಂಥದ್ದೊಂದು ಅರ್ಜಿ ಬೇಕಾಗುತ್ತದೆಂದು ಅದರ ಹಿಂದಿನ ವರ್ಷ ಯಾರೂ ಎಣಿಸಿರಲಿಲ್ಲ. ಟೆಂಡರ್ ಕರೆದು ಹೊಸ ಸಾಫ್ಟ್‌ವೇರ್ ಮಾಡಿಸುವಷ್ಟು ಪುರಸೊತ್ತೂ ಆಗ ಇರಲಿಲ್ಲ.

ಹಾಗಾದರೆ ಹೋಗುವ ಕೆಲಸ ಯಾವುದು? ಒಂದು ಕಾಗದದಲ್ಲಿ ಇದ್ದದ್ದನ್ನು ಇನ್ನೊಂದು ಪರದೆಗೆ ಇಳಿಸುವುದು. ನಾವು ಕಾದು ಕುಳಿತಿರುವುದು ನೇರ ಅದಕ್ಕೇ. ಯುವನಿಧಿಗೆ ಅರ್ಜಿ ಹಾಕಿದವರಿಗೆ ನೆನಪಿರಬಹುದು, ಪದವಿ ಪ್ರಮಾಣಪತ್ರ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ ಸೇರಿರಬೇಕಿತ್ತು. ಹಿಂದೆ ಇಂಥ ಕಡೆ ಅಂಕಪಟ್ಟಿಯ ಜೆರಾಕ್ಸ್ ಪಡೆದು, ನೋಡಿ, ದಾಖಲಿಸಿಕೊಳ್ಳಲು ಒಬ್ಬ ಮನುಷ್ಯ ಕೂರುತ್ತಿದ್ದ. ನಿರುದ್ಯೋಗ ಭತ್ಯೆಯ ಅರ್ಜಿಯೇ ಒಂದು ಉದ್ಯೋಗವನ್ನು ತಿಂದಿತಲ್ಲ ಎಂದು ಗೆಳೆಯರು ನಾವು ನಕ್ಕಿದ್ದೆವು. ಆ ನಗುವಿನಲ್ಲಿ ಖುಷಿಯೇನೂ ಇರಲಿಲ್ಲ.

ಉಳಿಯುವ ಕೆಲಸ ಯಾವುದೆಂದು ನನಗೆ ತಿಳಿದದ್ದು ಒಂದು ಎಡವಟ್ಟಿನಿಂದ. ಪರಿಚಯದವರೊಬ್ಬರದು ನಮ್ಮ ಭಾಗದಲ್ಲಿ ಬೀಜ, ಗೊಬ್ಬರದ ಅಂಗಡಿ. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಗೊಬ್ಬರಕ್ಕೆ ಆಧಾರ್ ಬೆರಳಚ್ಚು ಪಡೆಯುವ ಪಿಒಎಸ್ ಯಂತ್ರ ಅಲ್ಲಿ ಮೊದಲೇ ಇತ್ತು. ಆದರೆ ಅದು ಸರ್ಕಾರದ ಲೆಕ್ಕ. ಉದ್ರಿ ಲೆಕ್ಕ ಕೆಂಪು ಬಟ್ಟೆಯ ಪುಸ್ತಕದಲ್ಲಿ. ಯೂಟ್ಯೂಬ್ ನೋಡಿ ಆ್ಯಪ್‌ಶೀಟ್ ಕಲಿತಿದ್ದ ನಾನು ಮೂರು ಸಂಜೆಯಲ್ಲಿ ಆ ಪುಸ್ತಕವನ್ನು ಮೊಬೈಲ್‌ಗೆ ತಂದೆ: ರೈತನ ಹೆಸರು, ಊರು, ಫೋನ್, ಒಯ್ದ ಸಾಮಾನು, ಬಾಕಿ, ತಾರೀಕು. ಮೂವತ್ತು ದಿನ ದಾಟಿದವರ ಪಟ್ಟಿ ಬೆಳಿಗ್ಗೆ ತಾನಾಗಿ ಬರುತ್ತದೆ. ಹೆಸರಿನ ಮುಂದಿನ ಗುಂಡಿ ಒತ್ತಿದರೆ 'ನಿಮ್ಮ ಬಾಕಿ ಇಷ್ಟಿದೆ, ದಯವಿಟ್ಟು ಪಾವತಿಸಿ' ಎಂಬ ವಾಟ್ಸ್‌ಆ್ಯಪ್ ಸಂದೇಶ ಸಿದ್ಧವಾಗಿ ತೆರೆದುಕೊಳ್ಳುತ್ತದೆ. ಹೊಸ ಆಟಿಕೆ ಸಿಕ್ಕ ಹುರುಪಿನಲ್ಲಿ ಅಂಗಡಿಯ ಹುಡುಗ ಜುಲೈನಲ್ಲಿ ಒಂದು ದಿನ ಪಟ್ಟಿಯಲ್ಲಿದ್ದ ಎಲ್ಲರಿಗೂ ಕಳಿಸಿಬಿಟ್ಟ.

ಮರುದಿನ ಹಿರಿಯರೊಬ್ಬರು ಬಂದು ಕಟ್ಟೆಯ ಮೇಲೆ ಕೂಡಲೂ ಇಲ್ಲ. 'ಸಾವ್ಕಾರ್ರೆ, ಇಪ್ಪತ್ತ ವರ್ಷ ಆಯ್ತು ನಿಮ್ಮ ಅಂಗಡಿಗಿ ಬರ್ಲಾಕತ್ತೀನಿ. ಇನ್ನಾ ರಾಶಿನೇ ಆಗಿಲ್ಲ, ರೊಕ್ಕ ಎಲ್ಲಿಂದ ತರ್ಲಿ?' ಎಂದು ನಿಂತೇ ಕೇಳಿ ಹೋದರು. ಮೇಲುಗೊಬ್ಬರಕ್ಕೆ ಅವರು ಬೇರೆ ಅಂಗಡಿಗೆ ಹೋದ ಸುದ್ದಿ ಆಮೇಲೆ ಬಂತು. ಇನ್ನೂ ಕೆಲವರು ಹಾಗೆಯೇ ತಿರುಗಿಕೊಂಡರು.

ಕಾಕಾ ನನ್ನನ್ನು ಬೈಯಲಿಲ್ಲ. ಪುಸ್ತಕ ತೆಗೆದು ಅಂಚು ತೋರಿಸಿದರು. ಹೆಸರುಗಳ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರಗಳು: 'ಹೆ', 'ಸೋ', 'ತೊ', 'ಕ'. ಹೆಸರು ಬಿತ್ತಿದವರು ರಾಶಿ ಮಾಡಿ ಗಣೇಶ ಚೌತಿಯ ಆಸುಪಾಸಿನಲ್ಲಿ ಕೊಡುತ್ತಾರೆ, ಸೋಯಾ ಇದ್ದವರು ದೀಪಾವಳಿಗೆ, ತೊಗರಿಯವರು ಸಂಕ್ರಾಂತಿ ಹೊತ್ತಿಗೆ, ಕಬ್ಬಿನವರು ಕಾರ್ಖಾನೆಯ ಬಿಲ್ ಬಂದಾಗ. ಅಂಗಡಿಯ ಇಡೀ ವ್ಯವಹಾರ ನಿಂತಿದ್ದದ್ದು ಆ ನಾಲ್ಕು ಗುರುತುಗಳ ಮೇಲೆ. ನಾನು ಪುಸ್ತಕದ ಪ್ರತಿ ಕಲಂ ಇಳಿಸಿಕೊಂಡಿದ್ದೆ, ಅಂಚಿನಲ್ಲಿರುವುದು ಗೀಚು ಎಂದು ಬಿಟ್ಟಿದ್ದೆ. ನಮ್ಮ ಮನೆಯಲ್ಲೂ ಸಾಲ ತೀರುವುದು ತೊಗರಿ ಮಾರಿದ ಮೇಲೆಯೇ. ಬೆಂಗಳೂರಿನ ಎಂಜಿನಿಯರ್‌ಗೆ ಇದು ಗೊತ್ತಿರದಿದ್ದರೆ ಕ್ಷಮಿಸಬಹುದು. ನಾನು ಗೊತ್ತಿದ್ದೂ ಕೇಳಲಿಲ್ಲ. 'ಮೂವತ್ತು ದಿನ' ಎಂಬುದು ಯೂಟ್ಯೂಬ್‌ನ ವಿಡಿಯೊದಲ್ಲಿದ್ದ ನಿಯಮ. ಅದನ್ನು ಹಾಗೆಯೇ ಎತ್ತಿಟ್ಟಿದ್ದೆ.

ತಿದ್ದಲು ಅರ್ಧ ತಾಸೂ ಹಿಡಿಯಲಿಲ್ಲ. 'ಬೆಳೆ' ಎಂಬ ಒಂದು ಕಲಂ, ಬೆಳೆಗೊಂದು ಅವಧಿ, ಅಷ್ಟೇ. ಈ ಅರ್ಧ ತಾಸನ್ನೇ ನಾವು ಗಮನಿಸಬೇಕು. ಆ್ಯಪ್ ಕಟ್ಟುವ ಕೈಕೆಲಸ ಈಗ ಅಗ್ಗ. ಈ ಟೂಲ್‌ಗಳಿಗೆ ಇಂಗ್ಲಿಷ್‌ನಲ್ಲಿ ನಾಲ್ಕು ವಾಕ್ಯ ಹೇಳಿದರೆ ಎಐ ತಾನೇ ಅರ್ಧ ಕಟ್ಟಿಕೊಡುತ್ತದೆ. ಆದ್ದರಿಂದ 'ಲೋ-ಕೋಡ್ ಕಲಿಯಿರಿ, ಲಕ್ಷ ಗಳಿಸಿರಿ' ಎಂದು ಸಾವಿರಾರು ರೂಪಾಯಿ ಕೇಳುವ ಕೋರ್ಸ್‌ಗಳ ಬಗ್ಗೆ ನನಗೆ ಗುಮಾನಿ ಇದೆ. ಟೈಪಿಂಗ್ ಸರ್ಟಿಫಿಕೇಟಿಗೆ ಆದ ಗತಿ ಅದಕ್ಕೂ ಬೇಗ ಆದೀತು. ಅಂಚಿನ ಗುರುತನ್ನು ಓದಬಲ್ಲವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಬೇಳೆ ಮಿಲ್ಲಿನಲ್ಲಿ ತೂಕದ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಸೊಸೈಟಿಯಲ್ಲಿ ಕಾರ್ಯದರ್ಶಿ ರಜೆ ಹಾಕಿದ ದಿನ ಸಹಿ ಯಾರದು, ಆಸ್ಪತ್ರೆಯ ಕೌಂಟರ್‌ನಲ್ಲಿ ಒಂದೇ ವಿವರವನ್ನು ಮೂರು ಬಾರಿ ಏಕೆ ಬರೆಸುತ್ತಾರೆ? ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿ, ಕಾಗದದ ಮೇಲೆ ಬಾಣ ಹಾಕಿ ಬರೆದುಕೊಂಡರೆ ಅರ್ಧ ಆ್ಯಪ್ ಮುಗಿದಂತೆ. ಅದಕ್ಕೆ ಲ್ಯಾಪ್‌ಟಾಪ್ ಕೂಡ ಬೇಡ. ಬಿಕಾಂ, ಬಿಎ ಓದಿದವರು ಇದರಲ್ಲಿ ಬಿಇ ಓದಿದವರಿಗಿಂತ ಹಿಂದೆ ಏನೂ ಇಲ್ಲ.

ಹಾಗೆಂದು ಇದು ಬರೀ ಒಳ್ಳೆಯ ಸುದ್ದಿಯಲ್ಲ. ಡಾಟಾ ಎಂಟ್ರಿಗೆ ಹತ್ತು ಜನ ಬೇಕಿದ್ದ ಕಡೆ ಇಂಥವರು ಒಬ್ಬಿಬ್ಬರು ಸಾಕು. ಉಳಿದವರೆಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಯಾವ ಟೂಲ್‌ನಲ್ಲೂ ಉತ್ತರ ಇಲ್ಲ. 371(ಜೆ) ಅಡಿ ಸಿಗುವ ಮೀಸಲಾತಿ ಸರ್ಕಾರಿ ಹುದ್ದೆಗೆ. ಹುದ್ದೆಯೇ ತಂತ್ರಾಂಶದೊಳಗೆ ಕರಗಿದರೆ ಮೀಸಲಾತಿ ಯಾವುದಕ್ಕೆ? ನಮ್ಮ ಭಾಗದ ಜನಪ್ರತಿನಿಧಿಗಳು ಖಾಲಿ ಹುದ್ದೆಗಳ ಸಂಖ್ಯೆ ಕೇಳುವಾಗ ಇದನ್ನೂ ಕೇಳಬೇಕಿದೆ.

ಇನ್ನೊಂದು ಅಪಾಯ, ಇವು ನಮ್ಮ ಸ್ವಂತದ್ದಲ್ಲ, ಬಾಡಿಗೆ ಮನೆ. ಆ್ಯಪ್‌ಶೀಟ್‌ನಲ್ಲಿ ಪರೀಕ್ಷೆಗೆ ಹತ್ತು ಜನರವರೆಗೆ ಉಚಿತ, ಆಮೇಲೆ ತಲೆಗಿಷ್ಟು ಎಂದು ತಿಂಗಳ ಬಾಡಿಗೆ. ಗೂಗಲ್‌ನದೇ 'ಆ್ಯಪ್ ಮೇಕರ್' ಎಂಬ ಇಂಥದ್ದೊಂದು ಸಾಧನವಿತ್ತು. 2021ರ ಜನವರಿ 19ರಂದು ಅದನ್ನು ಮುಚ್ಚಿದರು. ಅದರಲ್ಲಿ ಕಟ್ಟಿದ ಆ್ಯಪ್‌ಗಳೆಲ್ಲ ಅಂದಿಗೆ ನಿಂತವು. ಒಂದು ವರ್ಷ ಮೊದಲೇ ಹೇಳಿದ್ದರು, ನಿಜ. ದೊಡ್ಡ ಕಂಪನಿಗೆ ಒಂದು ವರ್ಷ ಸಾಕು. ಆ್ಯಪ್ ಕಟ್ಟಿಕೊಟ್ಟ ಹುಡುಗ ಊರು ಬಿಟ್ಟು ಹೋಗಿರುವ ಅಂಗಡಿಗೆ ಹತ್ತು ವರ್ಷ ಕೊಟ್ಟರೂ ಸಾಲದು.

ಆ ಹುಡುಗ ನಾನೇ ಆಗಬಹುದು. ಹೈದರಾಬಾದ್‌ನಲ್ಲಿ ಒಂದು ಸಂದರ್ಶನವಿದೆ. ಹೋಗುವ ಮುನ್ನ ಆ್ಯಪನ್ನು ನನ್ನ ಮೇಲ್ ಐಡಿಯಿಂದ ಕಾಕಾ ಅವರ ಐಡಿಗೆ ವರ್ಗಾಯಿಸಿದ್ದೇನೆ. ಯಾವ ನಿಯಮ ಎಲ್ಲಿದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ನಾಲ್ಕು ಪುಟ ಕೈಬರಹದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಕೆಂಪು ಪುಸ್ತಕದೊಳಗೇ ಇಟ್ಟರು. ಪುಸ್ತಕ ಬರೆಯುವುದನ್ನು ಅವರು ಈಗಲೂ ನಿಲ್ಲಿಸಿಲ್ಲ. ಬೆಳಿಗ್ಗೆ ಆ್ಯಪ್‌ನಲ್ಲಿ ಪಟ್ಟಿ ನೋಡುತ್ತಾರೆ, ಸಂದೇಶದ ಗುಂಡಿ ಮುಟ್ಟುವುದಿಲ್ಲ. ತಾವೇ ಫೋನ್ ಹಚ್ಚಿ ಮೊದಲು ಮಳೆಯ ಬಗ್ಗೆ ವಿಚಾರಿಸುತ್ತಾರೆ.