ಸಂಜೆ ಆರರ ಮೇಲೆ ಒಂದು ಕೋಣೆ

ಬೆಂಗಳೂರು ಬಂದವರನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಊರು ಎಂಬ ಮಾತನ್ನು ಅಟ್ಟೂರಿನಲ್ಲಿ ವಾಸವಿರುವ ಯಾರೂ ಅಲ್ಲಗಳೆಯಲಾರರು. ಯಲಹಂಕ ಉಪನಗರಕ್ಕೆ ಅಂಟಿಕೊಂಡ ಈ ಬಡಾವಣೆಯಲ್ಲಿ ನಾಲ್ಕು ಮನೆ ದಾಟಿದರೆ ನಾಲ್ಕು ಊರಿನವರು ಸಿಗುತ್ತಾರೆ. ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ವಾಯುಪಡೆಯ ನೆಲೆಗೆ ವರ್ಗವಾಗಿ ಬಂದು ಇಲ್ಲೇ ಸೈಟು ಕೊಂಡವರು, ದೊಡ್ಡಬಳ್ಳಾಪುರ ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು, ಹಿಂದೂಪುರದ ಕಡೆಯಿಂದ ಅಂಗಡಿ ಇಡಲು ಬಂದವರು, ರಾಯಚೂರು ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು. ಎಲ್ಲರಿಗೂ ಒಂದು ಸೂರು, ಒಂದು ದುಡಿಮೆ ಹೇಗೋ ದಕ್ಕಿದೆ. ಆದರೆ ಆ ರಾಯಚೂರಿನ ಗಾರೆ ಮೇಸ್ತ್ರಿ ತನ್ನೂರಿನಲ್ಲಿ ಬಯಲಾಟದ ಪಾತ್ರಧಾರಿಯಾಗಿದ್ದರೆ? ಆ ಕಾಲೇಜು ಹುಡುಗಿಯ ಬ್ಯಾಗಿನಲ್ಲಿ ಯಾರಿಗೂ ತೋರಿಸದ ಕವಿತೆಗಳಿದ್ದರೆ? ದುಡಿಯುವ ಕೈಯನ್ನು ಕೂಡಲೇ ಗುರುತಿಸುವ ಊರು ಈ ಇನ್ನೊಂದನ್ನು ಎಲ್ಲಿ, ಹೇಗೆ ಗುರುತಿಸುತ್ತದೆ?

ಜನ ಒಳ್ಳೆಯವರು, ಹವೆ ತಂಪು, ಆದ್ದರಿಂದ ಇಲ್ಲಿ ಕಲೆ ಬೆಳೆಯಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಈ ವಿವರಣೆ ಸಾಲದು. ಒಳ್ಳೆಯ ಮನಸ್ಸಿನ ನೆರೆಯವರು ಹಬ್ಬಕ್ಕೆ ಊಟಕ್ಕೆ ಕರೆದಾರು, ಜ್ವರ ಬಂದಾಗ ಗಂಜಿ ಕೊಟ್ಟಾರು. ಅಷ್ಟರಿಂದ ನಾಟಕದ ತಂಡ ಹುಟ್ಟುವುದಿಲ್ಲ. ಬರೆಯುವವರಿಗೆ, ಹಾಡುವವರಿಗೆ, ಬಣ್ಣ ಹಚ್ಚುವವರಿಗೆ ಊರು ತನ್ನದೆನ್ನಿಸುವುದು ಅಲ್ಲೊಂದು ಜಾಗ ಸಿಕ್ಕಾಗ, ಆ ಜಾಗದಲ್ಲಿ ಗೊತ್ತಾದ ಹೊತ್ತಿಗೆ ಜನ ಸೇರುತ್ತಿದ್ದಾಗ, ಮತ್ತು ಹೊಸಬರ ಕೈಗೆ ಯಾರಾದರೂ ಒಂದು ಕೆಲಸ ಕೊಟ್ಟಾಗ. ಇವು ಊರಿನ ಸ್ವಭಾವದಿಂದ ತಾನಾಗಿ ಒದಗುವುದಿಲ್ಲ. ಯಾರೋ ಕೂತು ಏರ್ಪಡಿಸಬೇಕು.

1972ರ ಬೆಂಗಳೂರನ್ನು ನೋಡಿ. ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಆ ವರ್ಷ ಬಿ.ವಿ. ಕಾರಂತರು ಆಡಿಸಿದ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ನಾಟಕಗಳಿಂದ ಕನ್ನಡದ ಹವ್ಯಾಸಿ ರಂಗಭೂಮಿಯ ದಾರಿಯೇ ಬದಲಾಯಿತು. ಇದನ್ನು ಆಗಮಾಡಿದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು ಯಾರು? ಕಾರಂತರು ಬಂಟ್ವಾಳದ ಮಂಚಿಯವರು, ಗುಬ್ಬಿ ಕಂಪನಿ, ಕಾಶಿ, ದೆಹಲಿ ಎಲ್ಲ ಸುತ್ತಿ ಬಂದವರು. ‘ಸಂಕ್ರಾಂತಿ’ ಬರೆದ ಲಂಕೇಶರು ಶಿವಮೊಗ್ಗದ ಕೊನಗವಳ್ಳಿಯವರು. ‘ಜೋಕುಮಾರಸ್ವಾಮಿ’ ಬರೆದ ಕಂಬಾರರು ಬೆಳಗಾವಿ ಸೀಮೆಯ ಘೋಡಗೇರಿಯವರು. ಮೂರು ದಿಕ್ಕಿನ ಮೂರು ಕನ್ನಡಗಳು ಒಂದೇ ಬಯಲಿನಲ್ಲಿ ಕೂಡಿದವು. ಅಲ್ಲಿ ಸೇರಿದವರನ್ನು ಹತ್ತಿರ ತಂದದ್ದು ಪರಸ್ಪರ ಪರಿಚಯದ ಸಭೆಯಲ್ಲ, ಇಂಥ ದಿನ ನಾಟಕ ಏಳಬೇಕು ಎಂಬ ಒತ್ತಡ. ಒಬ್ಬ ದೀಪ ಕಟ್ಟಬೇಕು, ಒಬ್ಬ ತಮಟೆ ತರಬೇಕು, ಮೇಳದಲ್ಲಿ ನಿಲ್ಲಲು ಇನ್ನಷ್ಟು ಜನ ಬೇಕು. ಊರಿಗೆ ಹೊಸಬನಾದ ಹುಡುಗ ಹಿಂದಿನ ಸಾಲಿನಲ್ಲಿ ನಿಂತು ಹಾಡಿದರೂ ಆ ತಂಡದವನೇ ಆಗುತ್ತಾನೆ. ಸ್ನೇಹ ಆಮೇಲಿನದು.

ಆ ಕಾಲದ ನಾಟಕ ತಂಡಗಳ ಬೆನ್ನಿಗಿದ್ದ ಇನ್ನೊಂದು ಶಕ್ತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ಸಾರ್ವಜನಿಕ ಕಾರ್ಖಾನೆಗಳ ಕೆಲಸದ ವೇಳೆ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಇದೇ ಉತ್ತರದ ಜಾಲಹಳ್ಳಿಯಲ್ಲಿ ಶುರುವಾದವು. ಎಲ್ಲೆಲ್ಲಿಂದಲೋ ಬಂದು ಇಂಥ ಕಾರ್ಖಾನೆಗಳಿಗೆ, ಬ್ಯಾಂಕುಗಳಿಗೆ, ಎಲ್‌ಐಸಿಗೆ ಸೇರಿದವರ ಕೆಲಸ ಹೇಳಿದ ಹೊತ್ತಿಗೆ ಮುಗಿಯುತ್ತಿತ್ತು. ಕಂಪನಿಯ ಕ್ವಾರ್ಟರ್ಸು, ಕಂಪನಿಯ ಬಸ್ಸು, ಕಂಪನಿಯ ಸಭಾಂಗಣ, ಅಲ್ಲೇ ಒಂದು ಕನ್ನಡ ಸಂಘ. ರಾಜ್ಯೋತ್ಸವಕ್ಕೆ ನಾಟಕ ಆಗಲೇಬೇಕು, ಅದಕ್ಕೆ ತಿಂಗಳ ಮೊದಲೇ ತಾಲೀಮು. ಹೊಸದಾಗಿ ಸೇರಿದ ಫಿಟ್ಟರನ್ನು ಪಕ್ಕದ ಮೆಷಿನ್ನಿನವನೇ ಕೈಹಿಡಿದು ಕರೆದೊಯ್ಯುತ್ತಿದ್ದ. ಕಲೆಗೆ ಇಷ್ಟು ದೊಡ್ಡ ಆಸರೆ ಕೊಡುತ್ತಿದ್ದೇವೆಂದು ಕೈಗಡಿಯಾರ ಮಾಡುತ್ತಿದ್ದ ಕಾರ್ಖಾನೆ ಎಣಿಸಿರಲಾರದು. ಈಗ ಉತ್ತರದ ಬಡಾವಣೆಗಳಿಗೆ ಬರುವವರ ಕೆಲಸ ಗುತ್ತಿಗೆಯದು, ಪಾಳಿಯದು; ಮನೆ ಸೇರಿದ ಮೇಲೂ ಫೋನಿನಲ್ಲಿ ಮುಂದುವರಿಯುವಂಥದು. ನಮ್ಮ ಕಾಲದವರಿಗೆ ಕಲೆಯ ಹಂಬಲ ಕಡಿಮೆ ಎಂದು ಹಳಬರು ಆಗಾಗ ಬೇಸರಪಡುತ್ತಾರೆ. ಹಂಬಲ ಕಡಿಮೆಯಾಗಿಲ್ಲ. ಹತ್ತು ಜನಕ್ಕೆ ಒಟ್ಟಿಗೆ ಬಿಡುವಾಗುವ ಸಂಜೆ ಇಲ್ಲವಾಗಿದೆ.

ಜಾಗ ದೊಡ್ಡದೇ ಆಗಬೇಕೆಂದಿಲ್ಲ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ. 1933ರಲ್ಲಿ ಶುರುವಾದ ಆ ಪ್ರಕಾಶನವನ್ನು ಬೆಳೆಸಿದ ಜಿ.ಬಿ. ಜೋಶಿಯವರು, ಜೊತೆಗೆ ಕೀರ್ತಿನಾಥ ಕುರ್ತಕೋಟಿಯವರು, ಮೆಟ್ಟಿಲು ಹತ್ತಿ ಬಂದ ತರುಣರ ಬರಹವನ್ನು ಓದುತ್ತಿದ್ದರು, ತಿದ್ದಿಸುತ್ತಿದ್ದರು, ಅಚ್ಚು ಮಾಡುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ತನಗಿಂತ ಹೆಚ್ಚು ಓದಿದ ಒಬ್ಬರು ತನ್ನ ಕೈಬರಹದ ಮೇಲೆ ಒಂದು ಸಂಜೆಯನ್ನು ಖರ್ಚು ಮಾಡುವುದು ಹೊಸ ಬರಹಗಾರನಿಗೆ ಯಾವ ಪ್ರಶಸ್ತಿಗಿಂತಲೂ ಹೆಚ್ಚಿನದು.

ಎಲ್ಲರನ್ನೂ ಊರು ಒಂದೇ ಬಾಗಿಲಿನಿಂದ ಬರಮಾಡಿಕೊಂಡಿಲ್ಲ ಎಂಬುದನ್ನೂ ಹೇಳದೆ ಈ ವಿಷಯ ಮುಂದೆ ಹೋಗದು. ಬಾಡಿಗೆ ಮನೆ ಕೇಳಲು ಹೋದವರಿಗೆ ಅಡ್ವಾನ್ಸಿನ ಮಾತಿಗೂ ಮುಂಚೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಇಂದಿಗೂ ಎದುರಾಗುತ್ತದೆ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಕೂಲಿಗೆಂದು ಬಂದ ಕುಟುಂಬದ ಹುಡುಗ ಸಿದ್ಧಲಿಂಗಯ್ಯನವರನ್ನು ಬೆಂಗಳೂರಿನಲ್ಲಿ ಒಳಗೆ ಕರೆದುಕೊಂಡದ್ದು ಶ್ರೀರಾಮಪುರದ ಗುಡಿಸಲುಗಳು ಮತ್ತು ಗೋಪಾಲಪುರದ ವಿದ್ಯಾರ್ಥಿನಿಲಯ. ನಮ್ಮ ದೊಡ್ಡಬಳ್ಳಾಪುರ ರಸ್ತೆಯ ಆ ತುದಿಯಿಂದ, ನೇಕಾರರ ಮನೆಯಿಂದ ಬಂದವರು ಡಿ.ಆರ್. ನಾಗರಾಜ್. ಇಬ್ಬರೂ 1954ರಲ್ಲಿ ಹುಟ್ಟಿದವರು. ಓದುವ ಕಾಲದಲ್ಲಿ ಜೊತೆಯಾಗಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದರು. ಆ ಗೆಳೆತನದ ಕಾವಿನಲ್ಲಿ ಕನ್ನಡಕ್ಕೆ ಒಬ್ಬ ಕವಿ, ಒಬ್ಬ ವಿಮರ್ಶಕ ಸಿಕ್ಕರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಸರ್ಕಾರದ ಒಂದು ಹಾಸ್ಟೆಲ್ ಎಂದರೆ ಹೊತ್ತಿಗೆ ಊಟ, ಮಲಗಲು ಜಾಗ, ರಾತ್ರಿಯೆಲ್ಲ ವಾದ ಮಾಡಲು ಸಮವಯಸ್ಕರು. ಕನ್ನಡ ಸಾಹಿತ್ಯದ ಚರಿತ್ರೆ ಬರೆಯುವವರು ಪತ್ರಿಕೆಗಳ, ಸಂಘಗಳ ಹೆಸರಿನ ಪಕ್ಕದಲ್ಲಿ ಹಾಸ್ಟೆಲುಗಳ ಹೆಸರನ್ನೂ ಬರೆಯಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಸೌಹಾರ್ದ ತಲುಪದ ಕಡೆಗೂ ವ್ಯವಸ್ಥೆ ತಲುಪುತ್ತದೆ.

ಬರಹಗಾರನಿಗೆ ಏಕಾಂತ ಬೇಕಲ್ಲವೇ, ಈ ಗುಂಪು ಗೋಷ್ಠಿಗಳೆಲ್ಲ ಏಕೆ ಎನ್ನುವವರಿದ್ದಾರೆ. ಏಕಾಂತ ಬೇಕು, ನಿಜ. ಆದರೆ ಕನ್ನಡದಲ್ಲಿ ಏಕಾಂತಕ್ಕೆ ಹೆಸರಾದ ಕುವೆಂಪು ಅವರ ಬದುಕೇ ಬೇರೆ ಮಾತು ಹೇಳುತ್ತದೆ. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಹುಡುಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದಾಗ ನಿನ್ನ ನುಡಿಯಲ್ಲಿ ಬರೆ ಎಂದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಇರಲು ನೆಲೆ ಕೊಟ್ಟದ್ದು ರಾಮಕೃಷ್ಣಾಶ್ರಮ. ವರ್ಷಗಟ್ಟಲೆ ಅವರು ಅಲ್ಲಿದ್ದರು. ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಏಕಾಂತವನ್ನು ಕಾಯ್ದುಕೊಡಲೂ ನಾಲ್ಕು ಜನ ಬೇಕು. ಇನ್ನು ಫೋನಿನ ಗುಂಪುಗಳು ಸಾಲವೇ ಎಂಬ ಪ್ರಶ್ನೆ. ಅವು ಕವಿತೆಯನ್ನು ಹಂಚಲು ಸಾಕು. ಓದಿದಾಗ ಎದುರಿನವರ ಮುಖ ಯಾವ ಸಾಲಿನಲ್ಲಿ ಬಾಡಿತು, ಎಲ್ಲಿ ಅರಳಿತು ಎಂದು ತಿಳಿಯಲು ಎದುರಿನಲ್ಲಿ ಮುಖ ಇರಬೇಕು.

ಬಂದವರು ಊರಿಗೆ ಏನು ಕೊಡಬೇಕು ಎಂಬುದೂ ಇದೇ ಪ್ರಶ್ನೆಯ ಭಾಗ. ಅಟ್ಟೂರಿನಿಂದ ಪಶ್ಚಿಮಕ್ಕೆ ಹೋದರೆ ಹೆಸರಘಟ್ಟ ಸಿಗುತ್ತದೆ. ಅಲ್ಲಿ 1990ರಲ್ಲಿ ಪ್ರೋತಿಮಾ ಬೇಡಿ ನೃತ್ಯಗ್ರಾಮ ಕಟ್ಟಿದರು. ಒಡಿಸ್ಸಿ ನಮ್ಮ ಹೊಲಗಳಿಗೆ ಪೂರಾ ಹೊರಗಿನದು. ಕಲಿಯಲು ಬಂದವರೂ ದೂರದವರೇ. ಅದು ಗೋಡೆಯೊಳಗಿನ ದ್ವೀಪವಾಗಿ ಉಳಿದುಬಿಡಬಹುದಿತ್ತು. ಆದರೆ ಅವರು ಸುತ್ತಲ ಹಳ್ಳಿಗಳ ಮಕ್ಕಳಿಗೆ ಪಾಠ ಶುರುಮಾಡಿದರು. ಹಾಗೆ ಕಲಿತ ಪವಿತ್ರಾ ರೆಡ್ಡಿ ಮುಂದೆ ಅದೇ ತಂಡದ ಮುಖ್ಯ ನರ್ತಕಿಯರಲ್ಲಿ ಒಬ್ಬರಾಗಿ ಹೊರದೇಶಗಳ ವೇದಿಕೆಗಳನ್ನೂ ಏರಿದರು. 1998ರಲ್ಲಿ ಪ್ರೋತಿಮಾ ಹಿಮಾಲಯದ ಭೂಕುಸಿತದಲ್ಲಿ ತೀರಿಕೊಂಡ ಮೇಲೂ ನೃತ್ಯಗ್ರಾಮ ನಿಂತಿದೆ. ಸುತ್ತಲಿನವರಲ್ಲಿ ಬೇರು ಬಿಟ್ಟದ್ದು ಅದಕ್ಕೊಂದು ಕಾರಣ ಎಂದು ನನ್ನ ಎಣಿಕೆ. ಯಲಹಂಕ ಉಪನಗರದಲ್ಲೇ 1996ರಿಂದ ಸೃಷ್ಟಿ ಕಲಾ ಮತ್ತು ವಿನ್ಯಾಸ ಸಂಸ್ಥೆ ಇದೆ. ದೇಶದ ಮೂಲೆಮೂಲೆಯ ಮಕ್ಕಳು ಬಂದು ಕಲಿಯುತ್ತಾರೆ. ಪೀಣ್ಯ ಮೆಟ್ರೋ ನಿಲ್ದಾಣದ ಗೋಡೆಗಳ ಮೇಲೆ ಅವರ ಕೈಕೆಲಸ ನೋಡಿದವರಿಗೆ ಇದೇ ಪ್ರತಿಭೆ ಬಡಾವಣೆಯ ಸರ್ಕಾರಿ ಶಾಲೆಗಳೊಳಗೂ ಹರಿಯಲಿ ಎಂಬ ಆಸೆ ಹುಟ್ಟದಿರದು.

ಇಲ್ಲಿ ಭಾಷೆಯ ಮಾತು ಬಂದೇ ಬರುತ್ತದೆ. ಬಂದವರು ಕನ್ನಡ ಕಲಿಯಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಲಿಸುವ ದಾರಿ ಯಾವುದು? ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅವರು ಯಾರ ಬೈಗುಳಕ್ಕೆ ಅಂಜಿಯೂ ಕನ್ನಡದವರಾಗಲಿಲ್ಲ. ಕನ್ನಡದಲ್ಲಿ ಗೆಳೆಯರಿದ್ದರು, ಗೆಳೆಯರ ಗುಂಪಿತ್ತು, ಬರೆದದ್ದಕ್ಕೆ ಕಾಯುವವರಿದ್ದರು. ಒಡಿಯಾ ಹುಡುಗನೊಬ್ಬ ನಮ್ಮ ನಾಟಕದ ತಂಡದಲ್ಲಿ ಬೆಳಕಿನ ಕೆಲಸ ಮಾಡಿದರೆ ಒಂದು ಮಳೆಗಾಲದಲ್ಲಿ ಕಲಿಯುವಷ್ಟು ಕನ್ನಡವನ್ನು ಕಚೇರಿಯಲ್ಲಿ ಹತ್ತು ವರ್ಷವಿದ್ದರೂ ಕಲಿಯಲಾರ. ಬಂದವರ ಪಾಲಿನ ಹೊಣೆಯೂ ಇದೆ. ನನ್ನನ್ನು ಯಾರೂ ಗುರುತಿಸಲಿಲ್ಲ ಎನ್ನುವ ಮುಂಚೆ ಬೇರೆಯವರ ಓದಿಗೆ ಹೋಗಿ ಕೇಳಿ ಬರಬೇಕು, ಕುರ್ಚಿ ಜೋಡಿಸಬೇಕು, ಜಮಖಾನ ಮಡಚಬೇಕು.

ಕುರ್ಚಿ ಜೋಡಿಸಲಿಕ್ಕೆ ಕೋಣೆ ಎಲ್ಲಿದೆ ಎಂಬಲ್ಲಿಗೆ ಈಗ ಬರಬೇಕು. ನಗರದ ಸಾಂಸ್ಕೃತಿಕ ಜಾಗಗಳು ಬಹುಪಾಲು ದಕ್ಷಿಣದಲ್ಲಿವೆ, ನಡುವೆ ಇವೆ. ಡಿವಿಜಿಯವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಬಸವನಗುಡಿಯ ಕಡೆ. 2004ರಲ್ಲಿ ತೆರೆದ ರಂಗಶಂಕರ ಜೆ.ಪಿ. ನಗರದಲ್ಲಿ. ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಆ ಶಿಸ್ತನ್ನು ನಾನು ಗೌರವಿಸುತ್ತೇನೆ. ಆದರೆ ವಾರದ ದಿನ ಆರಕ್ಕೆ ಕೆಲಸ ಬಿಟ್ಟು, ಹೆಬ್ಬಾಳದ ಮೇಲ್ಸೇತುವೆ ದಾಟಿ, ಊರಿನ ಇನ್ನೊಂದು ತುದಿಗೆ ಏಳೂವರೆಗೆ ಮುಟ್ಟುತ್ತೇನೆಂದು ಅಟ್ಟೂರಿನವರು ಯಾರೂ ಮಾತು ಕೊಡಲಾರರು. ರಾತ್ರಿ ಮರಳುವ ಹೆಣ್ಣುಮಕ್ಕಳ ಪಾಡು ಬೇರೆ. ಮೆಟ್ರೋ ಈ ಕಡೆಗೆ ಬರುತ್ತಿದೆ. ಅದು ಬಂದ ಮೇಲೂ ತಾಲೀಮಿಗೆ ದಿನವೂ ಅಷ್ಟು ದೂರ ಹೋಗಿಬರುವುದು ಆಗದ ಮಾತು. ತಾಲೀಮು ನಡೆಯಬೇಕಾದದ್ದು ನಡೆದು ಹೋಗುವಷ್ಟು ದೂರದಲ್ಲಿ.

ಜಾಗಕ್ಕೆ ನಾವು ಭಿಕ್ಷೆ ಬೇಡಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಮನೆ ಉಳ್ಳವರೆಲ್ಲ ಕಟ್ಟುತ್ತಿದ್ದೇವೆ. ಆ ಹಣದಲ್ಲಿ ಒಂದು ಓದುವ ಕೋಣೆಯ ಜೊತೆಗೆ ಕೂತು ಮಾತಾಡುವ ಇನ್ನೊಂದು ಕೋಣೆ ಕೇಳುವುದು ದುರಾಸೆಯಲ್ಲ. ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದೇ ಬಿಟ್ಟ ಸಿ.ಎ. ಸೈಟುಗಳಿವೆ. ನಮಗೆ ಹತ್ತಿರದಲ್ಲೇ ಬಿಡಿಎ ಮಾಡುತ್ತಿರುವ ದೊಡ್ಡ ಬಡಾವಣೆಗೆ ಡಾ. ಕೆ. ಶಿವರಾಮ ಕಾರಂತರ ಹೆಸರನ್ನೇ ಇಟ್ಟಿದ್ದಾರೆ. ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದ, ಯಕ್ಷಗಾನವನ್ನು ಹೊಸದಾಗಿ ಕಂಡ ಮನುಷ್ಯನ ಹೆಸರಿನ ಬಡಾವಣೆಯಲ್ಲಿ ಒಂದು ತಾಲೀಮಿನ ಮನೆ, ಒಂದು ಸಣ್ಣ ರಂಗಮಂದಿರ ನಕ್ಷೆಯ ಹಂತದಲ್ಲೇ ಸೇರಬೇಕು. ಮನೆಗಳೆದ್ದ ಮೇಲೆ ಕೇಳಿದರೆ ಜಾಗ ಉಳಿದಿರುವುದಿಲ್ಲ.

ಅಷ್ಟರವರೆಗೆ ಕಾಯಬೇಕಾದ್ದೂ ಇಲ್ಲ. ಸರ್ಕಾರಿ ಶಾಲೆಗಳು ಸಂಜೆಯಾಗುತ್ತಲೇ ಖಾಲಿಯಾಗುತ್ತವೆ. ಸಮುದಾಯ ಭವನಗಳು ಮದುವೆಯ ತಿಂಗಳು ಬಿಟ್ಟರೆ ಬೀಗ ಹಾಕಿಕೊಂಡಿರುತ್ತವೆ. ಇಂಥ ಕಡೆಗಳಲ್ಲಿ ತೊಡಕಾಗುವುದು ಸಣ್ಣ ಸಣ್ಣ ವಿಷಯಗಳು: ಬೀಗದ ಕೈ ಯಾರ ಹತ್ತಿರ ಇರಬೇಕು, ಕರೆಂಟ್ ಬಿಲ್ಲು ಯಾರು ಕಟ್ಟಬೇಕು, ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಗುಡಿಸುವವರು ಯಾರು, ಕುರ್ಚಿ ಮುರಿದರೆ ಯಾರ ಹೊಣೆ. ಶಾಲೆಯ ಎಸ್‌ಡಿಎಂಸಿ, ಮುಖ್ಯೋಪಾಧ್ಯಾಯರು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಒಂದು ಸಂಜೆ ಕೂತರೆ ಇವೆಲ್ಲ ಒಂದು ಹಾಳೆಯಲ್ಲಿ ತೀರ್ಮಾನವಾಗುತ್ತವೆ. ವಾರಕ್ಕೆ ಎರಡು ಸಂಜೆ, ಆರರಿಂದ ಎಂಟೂವರೆ, ಯಾರ ಜಾತಿ ಯಾವ ಊರು ಎಂದು ಕೇಳದ ಒಂದು ಹಾಜರಿ ಪುಸ್ತಕ. ಕ್ಷೇಮಾಭಿವೃದ್ಧಿ ಸಂಘದ ಸಭೆಗಳಲ್ಲಿ ಕಸ, ಕಾವೇರಿ ನೀರು, ಬೀದಿದೀಪದ ಚರ್ಚೆ ನಡೆಯುತ್ತದೆ, ನಡೆಯಬೇಕು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಈ ಬೀಗದ ಕೈಯನ್ನೂ ಸೇರಿಸಿ ಎಂದು ಅಟ್ಟೂರಿನ ನೆರೆಹೊರೆಯವರನ್ನು ಕೇಳಿಕೊಳ್ಳುತ್ತೇನೆ. ಗುಡಿಸುವ ಪಾಳಿಗೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಬಹುದು.